ಮಾತು ಕೇಳದ ನಾಯಿ

ಎದುರಿಗೆ ನರಸಪ್ಪನ ನಾಯಿ ಕಂಡದ್ದೇ ತಡ, ತಿಪ್ಪಕ್ಕ ತನ್ನ ನಾಯಿ ಕೆಂಚನ ಹಗ್ಗವನ್ನು ಎರಡೂ ಕೈಯಿಂದ ಜಗ್ಗಿದಳು. ಎಲ್ಲಿಯ ಮಾತು! ಕೆಂಚ ಹಾರಿ ಆ ನಾಯಿಯ ಕುತ್ತಿಗೆಗೇ ಬಾಯಿ ಹಾಕಿತು.

ರಾಯದುರ್ಗದ ಸಂತೆಯಲ್ಲಿ ಗದ್ದಲವೋ ಗದ್ದಲ. ಯಾರೋ ನೀರು ಎರಚಿದರು, ಯಾರೋ ಬಡಿಗೆ ತಂದರು. ಬಿಡಿಸುವಷ್ಟರಲ್ಲಿ ಆ ನಾಯಿಯ ಕಿವಿ ಹರಿದಿತ್ತು. ಚಹಾ ಅಂಗಡಿಯ ನರಸಪ್ಪ ಮೊದಲು ತೆಲುಗಿನಲ್ಲಿ ಬೈದ, ಸಾಲದೆ ಕನ್ನಡದಲ್ಲೂ ಬೈದ.

"ಇನ್ನೊಮ್ಮೆ ಹಿಂಗಾದ್ರ ಇದಕ್ಕ ವಿಷ ಹಾಕ್ತೀನಿ ನೋಡವ್ವ. ಆಮ್ಯಾಲ ಅಳಬ್ಯಾಡ."

ಅಷ್ಟು ಹೊತ್ತೂ ಕೆಂಚ ತಿಪ್ಪಕ್ಕನ ಮುಖವನ್ನೇ ನೋಡುತ್ತ ಬಾಲ ಅಲ್ಲಾಡಿಸುತ್ತಿತ್ತು. ಮಾಡುವುದನ್ನೆಲ್ಲ ಮಾಡಿ ಮುದ್ದು ಬೇರೆ! ಅವಳು ಬೆನ್ನಿಗೊಂದು ಬಾರಿಸಿದಳು. ಮನೆಗೆ ಬಂದು ಅದೇ ಬೆನ್ನು ಸವರಿ ಅತ್ತಳು.

ಗಂಡ ಅಂಜಿನಿ ಕುರಿಮಂದೆ ಹೊಡೆದುಕೊಂಡು ವರ್ಷದ ಬಹುಪಾಲು ಬೆಳುಗುಪ್ಪದ ಆಚೆಯ ಹೊಲಗಳಲ್ಲೇ ಇರುತ್ತಿದ್ದ. ಹಾವು ಕಚ್ಚಿ ಅಲ್ಲೇ ಹೋದ. ಕುರಿಗಳು ಮೈದುನರ ಪಾಲಾದವು. ಅವಳಿಗೆ ಉಳಿದದ್ದು ಮಂದೆ ಕಾಯುತ್ತಿದ್ದ ಕೆಂಚ ಒಂದೇ. ಸೊಪ್ಪು ಮಾರಲು ಹೊರಟರೆ ಬೆನ್ನು ಬಿಡುತ್ತಿರಲಿಲ್ಲ. ಅದನ್ನೂ ಕಳೆದುಕೊಂಡರೆ ಅಂಜಿನಿ ಎರಡನೇ ಸಲ ಸತ್ತ ಹಾಗೆ ಎಂದು ಅವಳಿಗೆ ಜೀವ ಹಿಡಿಯಷ್ಟಾಗುತ್ತಿತ್ತು.

ಅಂಗಳದಲ್ಲಿ ಬಿಟ್ಟಾಗ ಕೆಂಚನಂಥ ಸಾಧು ಪ್ರಾಣಿ ಇನ್ನೊಂದಿಲ್ಲ. ಓಣಿಯ ನಾಯಿಮರಿಗಳು ಅದರ ಹೊಟ್ಟೆಗೇ ಒರಗಿ ಮಲಗುತ್ತಿದ್ದವು. ಲಾರಿ, ಆಟೊ ಓಡಾಡುವ ರಸ್ತೆ ಎಂದು ಹಗ್ಗ ಹಾಕಿ ಹೊರಟರೆ ಮಾತ್ರ ಅದಕ್ಕೆ ಯಾವ ದೆವ್ವ ಮೆಟ್ಟಿಕೊಳ್ಳುತ್ತಿತ್ತೋ! ತಿಪ್ಪಕ್ಕ ಹಗ್ಗ ಗಿಡ್ಡ ಮಾಡಿದಳು. ದೂರದಲ್ಲಿ ನಾಯಿಯ ನೆರಳು ಕಂಡರೂ ಮೊದಲೇ ಜಗ್ಗಿ ಎಚ್ಚರಿಸಿದಳು. ಏನು ಮಾಡಿದರೂ ಅಷ್ಟೇ.

"ಬಾಯಿ ಕಟ್ರಿ ಅಕ್ಕಾ, ಕಚ್ಚೋದಾದ್ರೂ ತಪ್ತದ," ಎಂದಳು ಪಕ್ಕದ ಮನೆಯ ನಾಗಮಣಿ.

ನರಸಪ್ಪನ ವಿಷದ ಭಯ ಬೇರೆ ಇತ್ತಲ್ಲ. ಹಳೆಯ ಸೀರೆ ಹರಿದು ಬಾಯಿಗೆ ಬಿಗಿದಳು. ಬದುಕಿಕೊಂಡಿತು ಬಡಜೀವ ಎಂದು ನಿಟ್ಟುಸಿರು ಬಿಟ್ಟಳು.

ಮರುದಿನವೇ ಬಸ್ ಸ್ಟ್ಯಾಂಡಿನ ಹಿಂದೆ ಬೀದಿನಾಯಿಗಳ ಹಿಂಡು ಎದುರಾಯಿತು. ತಿಪ್ಪಕ್ಕ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಜಗ್ಗಿದಳು. ಕೆಂಚ ಒಂದು ಕ್ಷಣ ತಿರುಗಿ ಅವಳನ್ನು ನೋಡಿತು. ಆಮೇಲೆ ಕಟ್ಟಿದ ಬಾಯಲ್ಲೇ, ಅವಳ ಕೈಯಿಂದ ಹಗ್ಗ ಕಿತ್ತುಕೊಂಡು ಹಿಂಡಿನೊಳಗೆ ನುಗ್ಗಿತು. ಜನ ಕಲ್ಲು ಹಿಡಿದು ಬರುವಷ್ಟರಲ್ಲಿ ಕೆಂಚನ ಕಥೆ ಮುಗಿದಿತ್ತು.

ಸುದ್ದಿ ಕೇಳಿ ಬೊಮ್ಮಪ್ಪ ಬಂದ. ಅಂಜಿನಿಯ ಜೊತೆ ಮಂದೆ ಕಾಯ್ದವನು.

"ನಾ ಏನ್ ಕಡಿಮಿ ಮಾಡೀನಿ ಹೇಳ್ರಿ ಅಣ್ಣಾ? ಜಗ್ಗಿ ಜಗ್ಗಿ ಕೈ ಸುಲದು ಹೋದ್ವು. ಒಂದು ದಿನಾನೂ ಮಾತು ಕೇಳ್ಲಿಲ್ಲ," ಎಂದು ತಿಪ್ಪಕ್ಕ ಅತ್ತಳು.

ಬೊಮ್ಮಪ್ಪ ಮೂಲೆಯಲ್ಲಿ ಬಿದ್ದಿದ್ದ ಕೆಂಚನ ಹಗ್ಗ ಕೈಗೆತ್ತಿಕೊಂಡ.

"ತೋಳ ಬಂದಾಗ ಕೂಗಿದ್ರ ಕುರಿ ಬೆದರಿ ಚೆಲ್ಲಾಪಿಲ್ಲಿ ಆಗ್ತಾವ ತಂಗಿ. ಅದಕ್ಕ ಅಂಜಿನಿ ಬಾಯಿ ಬಿಡ್ತಿದ್ದಿಲ್ಲ. ಕೆಂಚನ ಹಗ್ಗ ಮುಂಗೈಗೆ ಕಟ್ಕೊಂಡು ಮಲಗ್ತಿದ್ದ. ಸಡ್ಲ ಬಿಟ್ರ, ಸುಮ್ಕಿರು ಅಂತ. ಜಗ್ಗಿದ್ರ, ಹೋಗಿ ಹಿಡಿ ಅಂತ."

ಕೆಂಚ ಒಂದು ದಿನವೂ ಅವಳ ಮಾತು ಮೀರಿರಲಿಲ್ಲ.