ಯಾರ ಪಾಲೂ ಅಲ್ಲದ್ದು

“ಮಗು ಮೂಗು ನಮ್ಮ ಕಡೇದು, ಡಾಕ್ಟ್ರೇ. ಹಠ ಇವಳ ತವರಿನದು. ಈ ರಕ್ತದ ಕ್ಯಾನ್ಸರೂ ಅಲ್ಲಿಂದ್ಲೇ ಬಂದಿರಬೇಕು,” ಎಂದು ಅತ್ತೆ ಸೊಸೆಯ ಮುಖ ನೋಡದೆಯೇ ಹೇಳಿದರು. ಸೊಸೆಯ ತಂಗಿಯೊಬ್ಬಳು ಚಿಕ್ಕಂದಿನಲ್ಲೇ ಜ್ವರ ಬಂದು ತೀರಿಕೊಂಡಿದ್ದಳು. ಮಗಳು ಆಸ್ಪತ್ರೆ ಸೇರಿದಾಗಿನಿಂದ ಆ ತಂಗಿಯ ಮುಖವೇ ಅವಳ ಕಣ್ಣಿಗೆ ಕಟ್ಟಿತ್ತು.

ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ಇಬ್ಬರ ಕಡೆಗೂ ತಿರುಗಿಸಿದರು. ಮಗುವಿನ ಮೂಳೆಮಜ್ಜೆಯ ಒಂದು ಜೀವಕೋಶದ ಕ್ರೋಮೋಸೋಮುಗಳು ಒಣಹಾಕಿದ ಕಾಲುಚೀಲಗಳ ಹಾಗೆ ಜೋಡಿಜೋಡಿಯಾಗಿ ಸಾಲು ನಿಂತಿದ್ದವು. ಅಲ್ಲಲ್ಲಿ ಜೋಡಿಯ ಪಕ್ಕಕ್ಕೆ ಮೂರನೆಯದೊಂದು ಸೇರಿಕೊಂಡಿತ್ತು.

“ಈ ಹೆಚ್ಚಿನವು ಇರೋದು ಕಾಯಿಲೆ ಹತ್ತಿದ ಜೀವಕೋಶಗಳಲ್ಲಿ ಮಾತ್ರ. ಅಪ್ಪ ಕೊಟ್ಟಿದ್ದಲ್ಲ, ಅಮ್ಮ ಕೊಟ್ಟಿದ್ದೂ ಅಲ್ಲ, ಮಗುವಿನ ಮೈಯಲ್ಲೇ ತಾನಾಗಿ ಆಗಿದ್ದು. ಮೂಗು, ಹಠ ಎಲ್ಲಾ ನೀವು ಹಂಚ್ಕೊಳ್ಳಿ ಅಜ್ಜಿ, ಇದರಲ್ಲಿ ಯಾರಿಗೂ ಪಾಲಿಲ್ಲ. ಇನ್ನೊಂದು ಮಾತು. ಹೀಗೆ ಕ್ರೋಮೋಸೋಮು ಹೆಚ್ಚಿರೋ ಮಕ್ಕಳಿಗೆ ಸಾಮಾನ್ಯವಾಗಿ ಔಷಧಿ ಚೆನ್ನಾಗಿ ಹಿಡಿಯತ್ತೆ.”

“ನನ್ನ ತಂಗಿ ಜ್ವರದಲ್ಲಿ ಹೋದ್ಲು, ಮೇಡಂ,” ಎಂದಳು ಸೊಸೆ. “ಅದಕ್ಕೂ ಇದಕ್ಕೂ...”

“ಏನೂ ಸಂಬಂಧ ಇಲ್ಲಮ್ಮಾ.”

ಅತ್ತೆ ಪರದೆಯನ್ನೇ ನೋಡುತ್ತಿದ್ದರು. “ಅಲ್ಲಾ, ಹಾಗಾದ್ರೆ ಇಷ್ಟು ದಿನ ನಾನು ಇವಳನ್ನ ಬೈದಿದ್ದು ಯಾತಕ್ಕೆ?” ಎಂದು ಡಾಕ್ಟರಮ್ಮನನ್ನೇ ಕೇಳಿದರು.

“ಅದು ನನ್ನ ರಿಪೋರ್ಟಲ್ಲಿ ಬರಲ್ಲ, ಅಜ್ಜಿ.”

ಅತ್ತೆ ಎದ್ದರು. ತಮ್ಮ ಕುರ್ಚಿಯನ್ನು ನೆಲದ ಮೇಲೆ ಕಿರ್ರೆಂದು ಎಳೆದು ಸೊಸೆಯ ಕುರ್ಚಿಗೆ ತಾಗಿಸಿ ಕೂತರು.