ಎಡಗೈ ಕಟ್ಟಿದ್ದಾಗ

"ಅಲುಗಾಡ್ಬೇಡಿ ಸಾರ್, ಬಿಪಿ ತಪ್ಪು ತೋರಿಸುತ್ತೆ" ಎಂದು ಡಾಕ್ಟರ್ ತನುಜಾ ಗದರುವ ಹೊತ್ತಿಗೆ ರಕ್ತ ಹೀರುವ ಕಾಡುಜಿಗಣೆ, ಒಂದು ಉಂಬಳ, ಹವಾಲ್ದಾರ್ ಹಿರಿಯಣ್ಣನವರ ಎಡಗೈ ಹತ್ತಿ ಮೊಣಕೈಯತ್ತ ಹೊರಟಿತ್ತು. ಆ ತೋಳಿಗೆ ಬಿಪಿ ಪಟ್ಟಿ ಬಿಗಿದಿತ್ತು. ಬಲಗೈಯಂತೂ ಹೋದ ವರ್ಷ ಲಕ್ವ ಹೊಡೆದಾಗಿನಿಂದ ಸತ್ತಂತೆ ತೊಡೆಯ ಮೇಲೆ ಬಿದ್ದಿತ್ತು.

ಮಾಜಿ ಸೈನಿಕರಿಗಾಗಿ ಕಳಸದ ಗುಡ್ಡ ಹತ್ತಿ ಬರುವ ಈ ಆಸ್ಪತ್ರೆ ವ್ಯಾನಿನಲ್ಲಿ ತನುಜಾ ಪ್ರತಿ ಸಲವೂ ಆ ಕೈಗೆ ವ್ಯಾಯಾಮ ಮಾಡಿಸುತ್ತಿದ್ದರು, ಹಿರಿಯಣ್ಣ ಪ್ರತಿ ಸಲವೂ ಬೈಯುತ್ತಿದ್ದರು. ಎಡಗೈಯಲ್ಲಿ ಉಣ್ಣಲು ಮನಸ್ಸೊಪ್ಪದು. ಹೆಂಡತಿ ಪಾಪಮ್ಮ ತುತ್ತಿಡುವುದನ್ನು ಜನ ನೋಡಿಯಾರೆಂದು ಅವರು ಮದುವೆಮನೆಗಳ ಊಟವನ್ನೇ ಬಿಟ್ಟಿದ್ದರು. "ಈ ಹಾಳು ಕೈ ಕತ್ತರಿಸಿ ಬಿಸಾಕಿ!" ಎಂದು ಈಗಷ್ಟೇ ಕೂಗಾಡಿದ್ದರು.

"ಉಂಬಳ ರೀ! ಮಿಲಿಟ್ರಿ ರಕ್ತ ಅಂದ್ರೆ ಅದಕ್ಕೂ ಆಸೆ ನೋಡಿ" ಎಂದು ಬಾಗಿಲಲ್ಲಿದ್ದ ಪಾಪಮ್ಮ ನಕ್ಕರು.

"ನಗ್ತೀಯಲ್ಲೇ! ಬಂದು ಕೀಳೇ ಮಾರಾಯ್ತಿ!"

"ಬಾಯಿಗೇನೂ ಕಮ್ಮಿಯಿಲ್ಲ. ನೀವೇ ಕಿತ್ಕೊಳ್ಳಿ."

ಹಿರಿಯಣ್ಣನವರಿಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈಯುತ್ತ ಉಂಬಳವನ್ನು ಕಿತ್ತೆಳೆದರು. ಬೈಗುಳ ಅರ್ಧಕ್ಕೇ ನಿಂತಿತು. ಪಾಪಮ್ಮನ ನಗುವೂ ನಿಂತಿತು. ಉಂಬಳ ಒದ್ದಾಡುತ್ತಿದ್ದುದು ಅವರ ಬಲಗೈಯ ಬೆರಳುಗಳ ನಡುವೆ.

ತನುಜಾ ಇಕ್ಕಳ ಹಿಡಿದು ಧಾವಿಸಿದರು.

"ಮುಟ್ಬೇಡಿ ಮೇಡಂ!" ಹಿರಿಯಣ್ಣ ವ್ಯಾನು ನಡುಗುವಂತೆ ಗುಡುಗಿ, ಬಿಪಿ ಪಟ್ಟಿ ಸಮೇತ ಎದ್ದು ನಿಂತರು. "ಇವನು ನನ್ನ ಬಲಗೈಯೇ ಸೆರೆಹಿಡಿದ ಕೈದಿ. ಹೊರಗೆ ಸಾಲಲ್ಲಿ ನಿಂತ ಅಷ್ಟೂ ಜವಾನರಿಗೆ ತೋರಿಸದೆ ಬಿಡೋನಲ್ಲ ನಾನು!"