ಬಣ್ಣ ಬೀಳದ ಕುರಿ

ಡಾಕ್ಟರ್ ಹರಿತಾ ಹಿಂಗಾಲು ಹಿಡಿದು ಮೇಲಕ್ಕೆತ್ತಿದ ಕೂಡಲೇ ಕುರಿಯ ಮೂಗಿನಿಂದ ನೊರೆ ಬೆರೆತ ನೀರು ಧಾರೆಯಾಗಿ ಸುರಿಯಿತು. ಕತ್ತು ಹಿಡಿದುಕೊಂಡಿದ್ದ ಮೈಲಮ್ಮ ಸೆರಗಿನಿಂದ ಅದರ ಮೂತಿ ಒರೆಸಿದಳು. ಮುಂಜಾನೆಯಿಂದ ಹಿಂಡಿನ ಒಂದೊಂದೇ ಕುರಿಯನ್ನು ಸೂಜಿಗೆ ಒಡ್ಡಿ ಅವಳ ತೋಳುಗಳು ಸೋತುಹೋಗಿದ್ದವು. ಉಳಿದದ್ದು ಇದೊಂದೇ. ಮರಿಯಾಗಿದ್ದಾಗಲೇ ತಾಯಿ ಸತ್ತ ಇದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಅವಳೇ ಬೆಳೆಸಿದ್ದು.

"ಇದರ ಶ್ವಾಸಕೋಶದಾಗ ಗಡ್ಡಿ ಬೆಳದಾವ್ರಿ, ಮೈಲಮ್ಮ. ಇದಕ್ಕ ಸೂಜಿ ಇಲ್ಲ."

"ಎಲ್ಲಾಕ್ಕೂ ಹಾಕಿದ್ರಿ, ಇದಕ್ಕ ಯಾಕಿಲ್ರೀ?"

"ಆ ಸೂಜಿ ಬ್ಯಾರೆ ರೋಗದ್ದು. ಈ ವೈರಸ್ ಒಳಗ ಹೊಕ್ಕರ ಕುರಿ ಮೈ ಅದನ್ನ ವೈರಿ ಅಂತ ಗುರುತ ಹಿಡಿಯಂಗಿಲ್ಲ. ತನ್ನದ ಅಂತ ಸುಮ್ಮ ಇರತೈತಿ. ಲೋಕದಾಗ ಎಲ್ಲೂ ಇದಕ್ಕ ಲಸಿಕೆ ಬಂದಿಲ್ರಿ." ಹರಿತಾಳ ದನಿಯೂ ದಣಿದಿತ್ತು. "ಹಿಂಡಿನಾಗ ಬಿಡಬ್ಯಾಡ್ರಿ. ಇದರ ಉಸಿರಿನಿಂದನ ಉಳಿದವಕ್ಕ ಹತ್ತತೈತಿ."

ಮೈಲಮ್ಮನ ಗಂಡ ತಾಯಪ್ಪ ಹತ್ತಿರ ಬಂದ. ಸೂಜಿಯಾದ ಕುರಿಗಳ ಬೆನ್ನ ಮೇಲೆಲ್ಲ ನೀಲಿ ಬಣ್ಣದ ಗುರುತು ಬಿದ್ದಿತ್ತು.

"ಸೂಜಿ ಇಲ್ಲಂದ್ರ ಬ್ಯಾಡ್ರಿ, ಡಾಕ್ಟರಮ್ಮ. ಬೆನ್ನಿಗೆ ಒಂದೀಟು ಬಣ್ಣ ಹಚ್ಚರಿ. ಸೂಜಿ ಆಗೈತಿ ಅಂತ ಮಕ್ತಲ್ ಸಂತ್ಯಾಗ ಮಾರಿ ಬರ್ತೀನಿ."

"ಆಗಂಗಿಲ್ರಿ," ಎಂದು ಹರಿತಾ ಬಣ್ಣದ ಡಬ್ಬಿ ಮುಚ್ಚಿದಳು.

ತಾಯಪ್ಪ ಹೆಂಡತಿಯ ಕಡೆ ತಿರುಗಿದ. "ನೀನರ ಹೇಳು."

"ಕೊಂಡವರ ಹಟ್ಟ್ಯಾಗೂ ಕುರಿ ಇರ್ತಾವು," ಎಂದಳು ಮೈಲಮ್ಮ.

"ಹಂಗಾರ ಅದು ಸಾಯಾಕ ನಮ್ಮ ಹಟ್ಟೀನ ಬೇಕೇನು?"

"ಹೂಂ. ನಮ್ಮದನ."

ತಾಯಪ್ಪ ಹಿಂಡು ಎಬ್ಬಿಸಿಕೊಂಡು ಕಾಲುವೆಯ ದಾರಿ ಹಿಡಿದ. ಅವನು ದೂರ ಹೋಗುವವರೆಗೆ ಕುರಿಯನ್ನು ತಡೆದುಕೊಂಡಿರಬೇಕೆಂದು ಮೈಲಮ್ಮ ಅದನ್ನು ತಬ್ಬಿ ಕುಳಿತಳು. ಕೈಗೆ ಬರೀ ಎಲುಬೇ ತಾಗುತ್ತಿತ್ತು. ಇಷ್ಟು ದಿನ ತಿಂದ ಮೇವೆಲ್ಲ ಎಲ್ಲಿಗೆ ಹೋಯಿತೋ ಎಂದುಕೊಂಡಳು.

ಅಷ್ಟರಲ್ಲಿ ಹಿಂಡಿನ ಕೂಗು ಕೇಳಿ ಕುರಿ ಕೊಸರಿಕೊಂಡು ಎದ್ದಿತು. ಏದುಸಿರು ಬಿಡುತ್ತಲೇ ಧೂಳಿನ ಹಿಂದೆ ಓಡಿತು. ಮೈಲಮ್ಮ ಕರೆದಳು, ಗದರಿದಳು. ಅದು ನಿಲ್ಲಲಿಲ್ಲ. ಬೆನ್ನಟ್ಟಲು ಅವಳ ಕಾಲಲ್ಲಿ ಕಸುವಿರಲಿಲ್ಲ. ಇನ್ನೇನು ಹಿಂಡು ಸೇರುತ್ತದೆ ಎನ್ನುವಾಗ ಬಗ್ಗಿ ಒಂದು ಕಲ್ಲು ಎತ್ತಿಕೊಂಡು ಬೀಸಿ ಒಗೆದಳು.

ಕಲ್ಲು ಪಕ್ಕೆಗೆ ಬಡಿಯಿತು. ಕುರಿ ಬೆದರಿ ನಿಂತು ಅತ್ತಿತ್ತ ನೋಡಿತು. ಆಮೇಲೆ, ಹೊಡೆದವರಿಂದ ತಪ್ಪಿಸಿಕೊಳ್ಳಲೆಂದು, ಮೈಲಮ್ಮನ ಕಡೆಗೇ ಓಡಿ ಬಂದಿತು.